ದತ್ತು ಮಗಳಿಗೆ ಮಿಕ್ವೆ ಈಗಲೇ ಮಾಡಿಸುವುದಾ?

ನ್ಯೂಜೆರ್ಸಿ ಸೊಸೆ: ನಾನು ಮೈಸೂರಿನವಳು, ಗಂಡ ಯಹೂದಿ. ಭಾರತದ ದತ್ತು ಪ್ರಾಧಿಕಾರ ಕಾರಾ ಮೂಲಕ ಎರಡು ವರ್ಷದ ಮಗಳು ಬರುತ್ತಿದ್ದಾಳೆ. ಮಿಕ್ವೆ ಎಂಬ ಧಾರ್ಮಿಕ ಕೊಳದಲ್ಲಿ ಮುಳುಗಿಸಿ ಯಹೂದಿ ಧರ್ಮಕ್ಕೆ ಮತಾಂತರ ಈಗಲೇ ಮಾಡಿಸುವುದಾ, ದೊಡ್ಡವಳಾದ ಮೇಲಾ? ಅನುಭವ ಇದ್ದವರು ಹೇಳಿ.

ಶಿಕಾಗೋ ಅಪ್ಪ: ಈಗಲೇ, ಅದೂ ಕಟ್ಟಾ ಸಂಪ್ರದಾಯದ ಆರ್ಥಡಾಕ್ಸ್ ಪಂಥದ ಬೇತ್ ದಿನ್‌ನಲ್ಲೇ (ಮೂವರು ರಬ್ಬಿಗಳ, ಅಂದರೆ ಧರ್ಮಗುರುಗಳ, ನ್ಯಾಯಪೀಠ). ನಾವು ಅಷ್ಟು ಕಟ್ಟಾ ಅಲ್ಲದ ಕನ್ಸರ್ವೇಟಿವ್ ಪಂಥದ ರಬ್ಬಿಗಳ ಹತ್ತಿರ ಮಾಡಿಸಿ ಪೆಟ್ಟು ತಿಂದೆವು. ಮಗನಿಗೆ ಆಗ 14 ತಿಂಗಳು. ಅನಸ್ತೇಷಿಯಾ ಕೊಟ್ಟು ಸುನ್ನತಿ. ಇನ್ಶೂರೆನ್ಸ್ ಒಂದು ಪೈಸೆ ಕೊಡಲಿಲ್ಲ, ಕೈಯಿಂದ 3,100 ಡಾಲರ್ ಹೋಯಿತು. ಗಾಯ ಮಾಗಿದ ಮೇಲೆ ಮಿಕ್ವೆ. ಮೈಗೂ ನೀರಿಗೂ ನಡುವೆ ಏನೂ ಇರಬಾರದು. ನನ್ನಮ್ಮ ಕಟ್ಟಿದ್ದ ಉಡಿದಾರ ಕತ್ತರಿಸಿದೆ. ಒಂದು ಕ್ಷಣ ಕೈಬಿಟ್ಟೆ. ಮುಳುಗಿ ಎದ್ದವನು ನನ್ನ ಕುತ್ತಿಗೆ ಬಿಡಲೇ ಇಲ್ಲ. ಆರು ವರ್ಷಕ್ಕೆ ಆರ್ಥಡಾಕ್ಸ್ ಶಾಲೆಯವರು, ‘ಈ ಮತಾಂತರ ನಡೆಯುವುದಿಲ್ಲ’ ಎಂದರು. ಮತ್ತೆ ಮೂವರು ರಬ್ಬಿಗಳು, ಮತ್ತೆ ನೀರು, ಜೊತೆಗೆ ಸುನ್ನತಿಯ ಗುರುತಿಗೆ ಒಂದು ಹನಿ ರಕ್ತ. ಮಾಂಸ-ಹಾಲು ಬೆರೆಸಬಾರದೆಂಬ ನಿಯಮಕ್ಕೆ ಮಾಂಸಕ್ಕೊಂದು, ಹಾಲಿಗೊಂದು ಅಂತ ಪಾತ್ರೆಯೆಲ್ಲ ಹೊಸದು. ಮತಾಂತರವಾಗಿದ್ದ ನಾನೂ ಎರಡನೇ ಸಲ ಮುಳುಗಿದೆ.

ಬಾಸ್ಟನ್ ತಾಯಿ: ನಾವು ರಿಫಾರ್ಮ್, ಉದಾರ ಪಂಥದವರು. ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಹೆಸರಿಟ್ಟೆವು, ಅಷ್ಟೇ. 13ಕ್ಕೆ ಬಾತ್ ಮಿಟ್ಸ್ವಾದಲ್ಲಿ, ಹುಡುಗಿ ದೊಡ್ಡವಳಾದ ಧಾರ್ಮಿಕ ಸಮಾರಂಭದಲ್ಲಿ, ಮಗಳು ತಡವರಿಸದೆ ಧರ್ಮಗ್ರಂಥ ತೋರಾ ಓದಿದಳು. ಬಣ್ಣ ನೋಡಿ ‘ನಿಜವಾಗಲೂ ಯಹೂದಿನಾ?’ ಎನ್ನುವವರು ಸರ್ಟಿಫಿಕೇಟ್ ತೋರಿಸಿದರೂ ಕೇಳುತ್ತಾರೆ. ಆರು ವರ್ಷದ ಮಗುವಿನ ರಕ್ತ ತೆಗೆಸಿದಿರಲ್ಲ, ಯಾರಿಗಾಗಿ?

ಶಿಕಾಗೋ ಅಪ್ಪ: ಅವನಿಗಾಗಿಯೇ. ನಿಮ್ಮ ಮಗಳು ನಾಳೆ ಇಸ್ರೇಲ್‌ನಲ್ಲಿ ಮದುವೆ ಆಗುತ್ತೇನೆ ಎಂದರೆ? ಅಲ್ಲಿ ಸಿವಿಲ್ ಮದುವೆ ಇಲ್ಲ. ಅಲ್ಲಿನ ರಬ್ಬಿಗಳ ಅಧಿಕೃತ ಮಂಡಳಿ ರಬ್ಬಿನೇಟ್ ಒಪ್ಪಬೇಕು.

ಬಾಸ್ಟನ್ ತಾಯಿ: ನಿಮ್ಮ ದಾರಿಯಲ್ಲಿ ಹೋದರೂ ಮತಾಂತರವಾದ ಹುಡುಗಿ ಕೊಹೆನ್ ಎಂಬ ಪುರೋಹಿತ ಮನೆತನದವನನ್ನು ಮದುವೆಯಾಗುವಂತಿಲ್ಲ. ಅವರು ಕೇಳಿದ್ದು ಹೆಣ್ಣುಮಗುವಿನ ಬಗ್ಗೆ. ಇದನ್ನು ಯಾಕೆ ಹೇಳಲಿಲ್ಲ? 12 ತುಂಬಿದಾಗ ಹುಡುಗಿ ‘ಈ ಮತಾಂತರ ನನಗೆ ಬೇಡ’ ಎನ್ನಬಹುದು, ಅದನ್ನೂ ಹೇಳಲಿಲ್ಲ.

ಠಾಣೆ ಹುಬ್ಬಳ್ಳಿಯವಳು: ನೀರಿಗೆ ಇಷ್ಟು ಜಗಳವಾ? ನನ್ನ ಗಂಡ ಬೆನೆ ಇಸ್ರೇಲ್, ಇಲ್ಲಿನದೇ ಯಹೂದಿ ಸಮುದಾಯದವನು. 1956ರ ಹಿಂದೂ ದತ್ತು ಕಾಯಿದೆಯಲ್ಲಿ ಯಹೂದಿಗಳಿಗೆ ಜಾಗ ಇರಲಿಲ್ಲ. 1994ರಲ್ಲಿ ನಮಗೆ ಸಿಕ್ಕಿದ್ದು 1890ರ ಕಾಯಿದೆಯ ಗಾರ್ಡಿಯನ್ ಪಟ್ಟ. ಕಾಗದದಲ್ಲಿ ಹುಡುಗ ನಮ್ಮ ಮಗನಲ್ಲ, ‘ವಾರ್ಡ್’, ಅಂದರೆ ಪಾಲನೆಗೆ ಒಪ್ಪಿಸಿದ ಮಗು. 18 ತುಂಬಿದಾಗ ಅದೂ ಮುಗಿಯಿತು. ಫ್ಲಾಟ್ ಅವನಿಗೆ ಸೇರಲಿ ಎಂದು ವಿಲ್ ಬರೆಸಿದರೆ ಮೈದುನ ತಕರಾರು ಹಾಕಿದ. ನಾಲ್ಕು ವರ್ಷ ಕೋರ್ಟು.

ಬಾಸ್ಟನ್ ತಾಯಿ: ಪಾಪ, ಆದರೆ ಅದು ಹಳೆಯ ಕಥೆ. ಬಾಲನ್ಯಾಯ ಕಾಯಿದೆ ಬಂದ ಮೇಲೆ ಎಲ್ಲ ಧರ್ಮದವರೂ ದತ್ತು ತೆಗೆದುಕೊಳ್ಳಬಹುದು.

ಠಾಣೆ ಹುಬ್ಬಳ್ಳಿಯವಳು: ನಿಮಗೆ ಹಳೆಯದು. ಅವನ ಶಾಲೆ ಅರ್ಜಿಯಲ್ಲಿ ‘ಸಂಬಂಧ’ ಎಂಬ ಜಾಗದಲ್ಲಿ ‘ಪೋಷಕಿ’ ಎಂದು ಬರೆದ ಕೈ ನನ್ನದು.

ನ್ಯೂಜೆರ್ಸಿ ಸೊಸೆ: ಶಿಕಾಗೋದವರೇ, ಆಮೇಲೆ ಉಡಿದಾರ ಮತ್ತೆ ಕಟ್ಟಿದಿರಾ?

ಶಿಕಾಗೋ ಅಪ್ಪ: ಇಲ್ಲ. ಅಮ್ಮ ಎರಡು ವರ್ಷ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದರು.