ಕುಮಟಾ ಲಿಂಕ್ ಕಡಿದರೆ ಶಿರಸಿಯ ಸರ್ವರ್ ಏಕೆ ನಿಲ್ಲುತ್ತದೆ? ಮಿರರಿಂಗ್ ಒಂದೇ ಸಾಕೇ?

ಪ್ರಶ್ನೆ (ಶಿರಸಿ):
ನಮ್ಮ ಸಂಘದ ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಶಿರಸಿಯ ಒಂದು ಪೋಸ್ಟ್‌ಗ್ರೆಸ್ (ದತ್ತಾಂಶ ಸಂಗ್ರಹದ ತಂತ್ರಾಂಶ) ಸರ್ವರ್‌ನಲ್ಲಿದೆ. ಅದರಲ್ಲಿ ಎರಡು ಡಿಸ್ಕ್‌ಗಳ ರೇಡ್-1 ಮಿರರಿಂಗ್ (ಒಂದೇ ಮಾಹಿತಿಯನ್ನು ಎರಡೂ ಡಿಸ್ಕ್‌ಗಳಲ್ಲಿ ಬರೆಯುವ ವ್ಯವಸ್ಥೆ) ಮೊದಲಿನಿಂದಲೂ ಇದೆ. ಅಷ್ಟು ಸಾಲದೆನಿಸಿ ಈ ವರ್ಷ ಕುಮಟಾ ಶಾಖೆಯಲ್ಲಿ ಇನ್ನೊಂದು ಸರ್ವರ್ ಇಟ್ಟು ಸಿಂಕ್ರೋನಸ್ ರೆಪ್ಲಿಕೇಶನ್ (ಇಲ್ಲಿಯ ನಮೂದುಗಳ ಪ್ರತಿ ಆಗಿಂದಾಗಲೇ ಅಲ್ಲಿಗೂ ಹೋಗುವ ವ್ಯವಸ್ಥೆ) ಜೋಡಿಸಿದೆವು. ಮಳೆ ಹಿಡಿದ ಮೇಲೆ ದೇವಿಮನೆ ಘಟ್ಟದ ಕಡೆ ಕೇಬಲ್ ಕಡಿದಾಗಲೆಲ್ಲ ಚಾಲಿ, ರಾಶಿ ಎಂಬ ಅಡಿಕೆ ಬಗೆಗಳ ತೂಕ ನಮೂದಿಸುವ ಪರದೆ ಇಲ್ಲಿ ಸ್ತಬ್ಧವಾಗುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ರೆಪ್ಲಿಕೇಶನ್ ತೆಗೆದುಬಿಡಬಹುದೇ?

ಉತ್ತರ (ಕಾರವಾರ):
ದಯವಿಟ್ಟು ತೆಗೆಯಬೇಡಿ. ನಿಮ್ಮ ಸರ್ವರ್ ಕೆಟ್ಟಿಲ್ಲ, ಹೇಳಿದ ಮಾತಿನಂತೆಯೇ ನಡೆಯುತ್ತಿದೆ. ಸಿಂಕ್ರೋನಸ್ ಎಂದರೆ ಕುಮಟಾದ ಸರ್ವರ್ 'ಬರೆದುಕೊಂಡೆ' ಎನ್ನುವವರೆಗೆ ಶಿರಸಿಯ ನಮೂದು ಪೂರ್ಣವಾಗದು. ಇರುವ ಒಂದೇ ಸ್ಟ್ಯಾಂಡ್‌ಬೈ (ಪ್ರತಿ ಇಟ್ಟುಕೊಳ್ಳುವ ಸರ್ವರ್, ಇಲ್ಲಿ ಕುಮಟಾದ್ದು) ಸಂಪರ್ಕ ಕಳೆದುಕೊಂಡರೆ ಪೋಸ್ಟ್‌ಗ್ರೆಸ್ ಎಷ್ಟು ಹೊತ್ತಾದರೂ ಕಾಯುತ್ತಲೇ ಇರುತ್ತದೆ. ಸಿಂಕ್ರೋನಸ್_ಸ್ಟ್ಯಾಂಡ್‌ಬೈ_ನೇಮ್ಸ್ ಎಂಬ ಸೆಟ್ಟಿಂಗನ್ನು ಖಾಲಿ ಮಾಡಿ ರೀಲೋಡ್ ಕೊಟ್ಟರೆ ಸಾಕು, ರೆಪ್ಲಿಕೇಶನ್ ಅಸಿಂಕ್ರೋನಸ್ (ಕುಮಟಾದ ಉತ್ತರಕ್ಕೆ ಕಾಯದೆ ನಡೆಯುವ ವಿಧಾನ) ಆಗುತ್ತದೆ, ಸರ್ವರ್ ನಿಲ್ಲಿಸಬೇಕಾಗಿಲ್ಲ. ಆಮೇಲೆ ಶಿರಸಿಯ ಸರ್ವರ್ ಥಟ್ಟನೆ ಸತ್ತರೆ ಕುಮಟಾಕ್ಕೆ ಇನ್ನೂ ತಲುಪದಿದ್ದ ಕೊನೆಯ ನಮೂದುಗಳು ಹೋಗಬಹುದು, ನಿಜ. ಆದರೆ ತೂಕದ ಚೀಟಿಯ ಕಾಗದದ ಪ್ರತಿ ನಿಮ್ಮಲ್ಲಿ ಉಳಿಯುವುದಾದರೆ, ಅಂಗಳದಲ್ಲಿ ಚೀಲ ಇಳಿಸಿದ ರೈತರನ್ನು ಅರ್ಧ ದಿನ ಕಾಯಿಸುವುದಕ್ಕಿಂತ ಆ ನಷ್ಟ ಚಿಕ್ಕದೆಂದು ನನ್ನ ಅಭಿಪ್ರಾಯ.

ಮಿರರಿಂಗ್ ಒಂದು ಡಿಸ್ಕ್ ಕೈಕೊಟ್ಟಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಎರಡೂ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಯುಪಿಎಸ್‌ನ ಹಿಂದೆ ಇರುವಾಗ ಒಂದು ಸಿಡಿಲಿಗೆ ಎರಡೂ ಹೋಗಬಹುದು. ಆ ದಿನಕ್ಕೆಂದೇ ಕುಮಟಾದ ಪ್ರತಿ ಬೇಕು.

ಮರುಪ್ರಶ್ನೆ (ಶಿರಸಿ):
ಬದಲಾಯಿಸಿದೆವು, ಪರದೆ ಈಗ ನಿಲ್ಲುತ್ತಿಲ್ಲ. ಲಿಂಕ್ ಎರಡು ಮೂರು ದಿನ ಬಾರದಿದ್ದರೆ ಏನಾಗುತ್ತದೆ? ಇವೆರಡೂ ಇರುವಾಗ ಬ್ಯಾಕಪ್ ಬೇರೆ ಬೇಕೇ?

ಉತ್ತರ (ಕಾರವಾರ):
ಮೊದಲನೆಯದನ್ನು ನಿರ್ಲಕ್ಷಿಸಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ರೆಪ್ಲಿಕೇಶನ್ ಸ್ಲಾಟ್ (ಕುಮಟಾಕ್ಕೆ ಎಲ್ಲಿಯವರೆಗೆ ತಲುಪಿದೆ ಎಂದು ಶಿರಸಿಯ ಸರ್ವರ್ ಇಡುವ ಗುರುತು) ಇಟ್ಟಿದ್ದರೆ, ಕುಮಟಾಕ್ಕೆ ಕಳುಹಿಸಬೇಕಾದ ವಾಲ್ ಕಡತಗಳು (ಪ್ರತಿ ಬದಲಾವಣೆಯನ್ನೂ ಬರೆದಿಡುವ ದಾಖಲೆಗಳು) ಲಿಂಕ್ ಬರುವವರೆಗೆ ಶಿರಸಿಯಲ್ಲೇ ರಾಶಿ ಬೀಳುತ್ತವೆ. ಡಿಸ್ಕ್ ತುಂಬಿದರೆ ಮುಖ್ಯ ಸರ್ವರೇ ನಿಂತುಹೋಗುತ್ತದೆ. ಇದಕ್ಕೆ ಮಿತಿ ಹಾಕುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ 2020ರ 13ನೇ ಆವೃತ್ತಿಯಿಂದ ಇದೆ, ಅದಕ್ಕಿಂತ ಹಳೆಯದನ್ನು ಬಳಸುತ್ತಿದ್ದರೆ ಮೊದಲು ಬದಲಿಸಿ. ಮಿತಿ ಮೀರಿದರೆ ಕುಮಟಾದ ಪ್ರತಿಯನ್ನು ಹೊಸದಾಗಿ ಕಟ್ಟಬೇಕಾದೀತು, ಆದರೆ ಶಿರಸಿಯ ಕೆಲಸ ನಡೆಯುತ್ತದೆ.

ಬ್ಯಾಕಪ್ ಖಂಡಿತ ಬೇಕು. ಯಾರೋ ತಪ್ಪಿ ಒಂದು ದಿನದ ಟೆಂಡರ್ ಅಳಿಸಿದರೆ ಆ ಅಳಿಸುವಿಕೆ ಮಿರರ್‌ಗೆ ಆ ಕ್ಷಣವೇ, ಕುಮಟಾಕ್ಕೆ ಮರುಕ್ಷಣವೇ ಹೋಗುತ್ತದೆ. ಪ್ರತಿ ರಾತ್ರಿಯ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ. ತಿಂಗಳಿಗೊಮ್ಮೆ ಅದನ್ನು ಇನ್ನೊಂದು ಗಣಕದಲ್ಲಿ ಮರುಸ್ಥಾಪಿಸಿ, ಹಿಂದಿನ ದಿನದ ಒಟ್ಟು ತೂಕ ರಿಜಿಸ್ಟರ್‌ನೊಂದಿಗೆ ತಾಳೆಯಾಗುವುದೇ ಎಂದು ನೋಡಿ.

ಶಿರಸಿ:
ನಿನ್ನೆ ಸಂಜೆ ವ್ಯಾಪಾರ ಮುಗಿದ ಮೇಲೆ ಲಿಂಕಿನ ತಂತಿಯನ್ನು ನಾವೇ ಒಂದು ಗಂಟೆ ಕಳಚಿಟ್ಟು ಪರೀಕ್ಷಾ ನಮೂದುಗಳನ್ನು ಹಾಕಿದೆವು. ಒಂದೂ ನಿಲ್ಲಲಿಲ್ಲ, ತಂತಿ ಜೋಡಿಸಿದ ಸ್ವಲ್ಪ ಹೊತ್ತಿಗೆ ಎಲ್ಲವೂ ಕುಮಟಾದಲ್ಲಿ ಕಾಣಿಸಿದವು. ಸ್ಲಾಟ್‌ನ ಮಿತಿಯನ್ನು ಇಂದು ಹಾಕುತ್ತೇವೆ.