ಮಕ್ಕಳಿಗೆ ಯಾವ ಗಾದೆ ಹೇಳಿಕೊಡೋಣ?

ಜರ್ಮನಿಯ ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ಮಕ್ಕಳ ಕನ್ನಡ ಕ್ಲಾಸಿಗೆ ಗಾದೆಗಳ ಪಟ್ಟಿ ಬೇಕು ಅಂತ ಕೇಳಿದ್ದರಲ್ಲ, ಇಲ್ಲಿಯವರೆಗೆ ಎಲ್ಲರೂ ಕಳಿಸಿದ್ದನ್ನು ಓದಿದೆ. ‘ಕೈ ಕೆಸರಾದರೆ ಬಾಯಿ ಮೊಸರು’, ‘ತಾಳಿದವನು ಬಾಳಿಯಾನು’. ಒಳ್ಳೆಯವೇ. ಆದರೆ ಬರೀ ಇಂಥವನ್ನೇ ಕೊಟ್ಟರೆ ಗಾದೆ ಅಂದರೆ ದೊಡ್ಡವರ ಉಪದೇಶ ಅಂದುಕೊಂಡು ಮಕ್ಕಳು ಆಕಳಿಸುತ್ತಾರೆ.

ನನಗೆ ಇಷ್ಟವಾಗುವುದು ದೊಡ್ಡವರನ್ನೇ ಆಡಿಕೊಳ್ಳುವ ಗಾದೆಗಳು. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’. ವೀಸಾಕ್ಕೆ ಸಾಲಿನಲ್ಲಿ ನಿಂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾ? ‘ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ’. ‘ಹಾಳೂರಿಗೆ ಉಳಿದವನೇ ಗೌಡ’. ಈ ಕೊನೆಯದನ್ನು ನಮ್ಮ ಸಂಘದ ಚುನಾವಣೆ ಹೊತ್ತಿಗೆ ಹೇಳಿ ನೋಡಿ. (ನಾನು ಯಾರ ಹೆಸರೂ ಎತ್ತಿಲ್ಲ. ಯಾರಾದರೂ ಹೆಗಲು ಮುಟ್ಟಿ ನೋಡಿಕೊಂಡರೆ ಕುಂಬಳಕಾಯಿ ಕಳ್ಳನ ಗಾದೆ ಇದ್ದೇ ಇದೆ.)

ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದಕ್ಕೊಂದು ಜಗಳವಾಡುವ ಗಾದೆಗಳನ್ನು ಕೊಡಿ. ‘ಮಾತು ಬೆಳ್ಳಿ, ಮೌನ ಬಂಗಾರ’ ಅನ್ನುವುದೂ ನಾವೇ, ‘ಬಾಯಿದ್ದವನು ಬರದಲ್ಲೂ ಬದುಕಿದ’ ಅನ್ನುವುದೂ ನಾವೇ. ಇಲ್ಲಿ ಜರ್ಮನಿಯ ಶಾಲೆಗಳಲ್ಲಿ ಪಾಠದ ನಡುವೆ ಕೈಯೆತ್ತಿ ಮಾತಾಡಿದ್ದಕ್ಕೂ ಗ್ರೇಡಿನಲ್ಲಿ ಪಾಲಿದೆ. ಬಂಗಾರ ಅಂತ ನಂಬಿ ಸುಮ್ನೆ ಕೂತ ಮಗುವಿಗೆ ಬರೆಯುವ ಪರೀಕ್ಷೆ ಚೆನ್ನಾಗಿ ಆಗಿದ್ದರೂ ಗ್ರೇಡ್ ಇಳಿಯುತ್ತದೆ. ಮನೆಯಲ್ಲಿ ‘ದೊಡ್ಡವರಿಗೆ ಎದುರು ಮಾತಾಡಬೇಡ’, ಶಾಲೆಯಲ್ಲಿ ‘ನೀನೇನು ಅಂತೀಯ ಹೇಳು’. ಈ ಎಳೆದಾಟ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಯಾವ ಗಾದೆ ಎಲ್ಲಿಗೆ ಸರಿ ಅಂತ ಅವರೇ ವಾದ ಮಾಡಲಿ. ಕನ್ನಡವೂ ತಾನಾಗಿ ಬರುತ್ತದೆ.

ಹೆಂಗಸರನ್ನು, ಜಾತಿಗಳನ್ನು ಹಳಿಯುವ ಗಾದೆಗಳೂ ಬೇಕಾದಷ್ಟಿವೆ. ಚಿಕ್ಕವರ ಪಟ್ಟಿಗೆ ಅವು ಬೇಡ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಅನ್ನುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಪುಸ್ತಕ ಕೇಳಿದವರಿಗೆ: ಕನ್ನಡ-ಇಂಗ್ಲಿಷ್ ನಿಘಂಟು ಬರೆದ ಪಾದ್ರಿ ಫರ್ಡಿನಾಂಡ್ ಕಿಟೆಲ್ ಜರ್ಮನಿಯಲ್ಲೇ ಹುಟ್ಟಿದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಪದಗಳ ಜೊತೆಗೇ ಎಷ್ಟೋ ಗಾದೆಗಳು ಸಿಗುತ್ತವೆ. ಆನ್‌ಲೈನ್‌ನಲ್ಲಿ ಪುಕ್ಕಟೆ ಓದಬಹುದು. ಅರ್ಥ ಇಂಗ್ಲಿಷಿನಲ್ಲಿದೆ, ಹಾಗಾಗಿ ಮಕ್ಕಳೂ ಹುಡುಕಬಹುದು.

ನನ್ನ ಹತ್ತಿರ ಇರೋದೆಲ್ಲ ಮೈಸೂರು ಕಡೆಯವು. ಧಾರವಾಡ, ಕಲಬುರಗಿ, ಕರಾವಳಿಯವರು ನಿಮ್ಮ ಕಡೆಯ ಖಾರದ ಗಾದೆಗಳನ್ನು ಹಾಕಿ. ಜೊತೆಗೆ ಅದನ್ನು ಎಂಥ ಹೊತ್ತಿನಲ್ಲಿ ಆಡುತ್ತಾರೆ ಅಂತಲೂ ಒಂದು ಸಾಲು ಬರೆಯಿರಿ.