ಸೀನನ ಗುಳುಗುಳು ಪಂಪು

ಭಾನುವಾರ ಬೆಳಗ್ಗೆ ಏಳಕ್ಕೇ ಸೀನನ ಫೋನು. "ಎಲ್ಲರೂ ಮನೆಗೆ ಬನ್ನಿ. ಬರೀ ಗಾಳಿಯಿಂದ ನೀರು ಮೇಲಕ್ಕೆ ಹತ್ತೋದನ್ನ ತೋರಿಸ್ತೀನಿ."

"ಅಮ್ಮ ತಿಂಡಿ ಏನು ಮಾಡಿದ್ದಾರೆ?" ಎಂದು ಗುರು ಕೇಳಿದ. ಖಾಲಿ ದೋಸೆ ಎಂದು ಗೊತ್ತಾದ ಮೇಲೆ ವಿಜ್ಞಾನದ ಮೇಲೆ ನಮಗೂ ಆಸಕ್ತಿ ಹುಟ್ಟಿತು.

ಮೈಸೂರಿನ ಅವನ ಮನೆ ತಾರಸಿಯಲ್ಲಿ 200 ಲೀಟರಿನ ನೀಲಿ ಡ್ರಮ್ಮು. ಅದರಲ್ಲಿ ಎರಡೂವರೆ ಅಡಿ ನೀರು, ಎಂಟು ಗೋಲ್ಡ್ ಫಿಶ್. ಪಕ್ಕದಲ್ಲಿ ಎತ್ತರದ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಜಲ್ಲಿ ತುಂಬಿದ ಟಬ್ಬು. ಜಲ್ಲಿಯಲ್ಲಿ ಪುದೀನ, ಜೋತು ಬಿದ್ದಿತ್ತು.

"ನಿಮ್ಮ ಮನೆಯಲ್ಲಿ ಮೀನು ತಿನ್ನಲ್ಲವಲ್ಲೋ?" ಎಂದ ಮಂಜ.

"ತಿನ್ನೋದಕ್ಕಲ್ಲ ಕಣೋ. ಅವು ಕಕ್ಕ ಮಾಡಲಿ ಅಂತ ಸಾಕಿರೋದು."

ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಜಲ್ಲಿಕಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಅದು ಗಿಡಕ್ಕೆ ಊಟ. ಸೋಸಿದ ನೀರು ವಾಪಸ್ ಮೀನಿಗೆ. ಇದಕ್ಕೆ ಅಕ್ವಾಪೋನಿಕ್ಸ್ ಅಂತಾರೆ ಎಂದು ಸೀನ ಎದೆಯುಬ್ಬಿಸಿದ.

"ತಿಪ್ಪೆಗೆ ಇಷ್ಟು ಚೆಂದದ ಹೆಸರು ಇಡಬಹುದು ಅಂತ ನಮ್ಮಜ್ಜನಿಗೆ ಗೊತ್ತೇ ಇರಲಿಲ್ಲ ನೋಡು" ಎಂದ ಮಂಜ.

ನೀರೆತ್ತಲು ಸೀನ ಮೊದಲು ಕೂಲರಿನ ಪುಟ್ಟ ಪಂಪನ್ನು ಮುಳುಗಿಸಿದ್ದನಂತೆ. ಹತ್ತು ದಿನಕ್ಕೆ ಹೊಲಸು ಸಿಕ್ಕಿ ನಿಂತಿತು. ಬಿಚ್ಚಿ ತೊಳೆದ, ಮತ್ತೆ ನಿಂತಿತು. ಅದಕ್ಕೇ ಈಗ ಏರ್‌ಲಿಫ್ಟ್. ನೀರೊಳಗೆ ತಿರುಗುವ ಭಾಗ ಒಂದೂ ಇಲ್ಲ. ಕರೆಂಟಿನ ತಂತಿ ನೀರಿಗೆ ಇಳಿಯುವುದಿಲ್ಲ. ಒಂದು ಪೈಪು, ಅದರ ಬುಡಕ್ಕೆ ಅಕ್ವೇರಿಯಂನ ಗಾಳಿ ಪಂಪಿನ ಟ್ಯೂಬು, ಅಷ್ಟೆ. ಪೈಪಿಗೆ ತೂತು ಮಾಡಲು ಮೊಳೆಯನ್ನು ಅಡುಗೆಮನೆಯ ಸ್ಟವ್ ಮೇಲೆ ಕಾಯಿಸಿದ್ದನಂತೆ. ಆ ಪ್ಲಾಸ್ಟಿಕ್ ವಾಸನೆ ಖಾಲಿ ದೋಸೆಗೂ ಸ್ವಲ್ಪ ಬಂದಿತ್ತು. ನಾವು ಯಾರೂ ಹೇಳಲಿಲ್ಲ.

ಸೀನ ಸ್ವಿಚ್ ಒತ್ತಿದ. ಪೈಪಿನೊಳಗೆ ಗುಳುಗುಳು ಗುಳುಗುಳು. ನಾವು ಟಬ್ಬಿನ ಕಡೆ ಕಣ್ಣು ಬಿಟ್ಟುಕೊಂಡು ನಿಂತೆವು. ಎರಡು ನಿಮಿಷ ಹೋಯಿತು. ಪೈಪಿನ ಬಾಯಿಂದ ತಣ್ಣನೆ ಗಾಳಿ ಬಂತು. ನೀರು ಬರಲಿಲ್ಲ.

"ಮೀನಿಗೆ ಹೊಟ್ಟೆ ಉಬ್ಬರ ಇರಬೇಕು" ಎಂದ ಗುರು.

ಮಂಜ ಬಗ್ಗಿ ನೋಡಿ ಜೋರಾಗಿ ನಕ್ಕ. ಅವನದು ಕೋಲಾರದ ಕಡೆ. "ಲೇ, ಇದು ನಮ್ಮೂರಿನ ಕಂಪ್ರೆಸರ್ ಬೋರ್‌ವೆಲ್ಲೇ ಅಲ್ವಾ! ಬೋರಲ್ಲಿ ನೀರು ಕಮ್ಮಿ, ಮರಳು ಜಾಸ್ತಿ ಇದ್ದರೆ ಮೋಟರ್ ಬಾಳಲ್ಲ. ಆಗ ಮೇಲೆ ಕಂಪ್ರೆಸರ್ ಇಟ್ಟು ಸಣ್ಣ ಪೈಪಲ್ಲಿ ಗಾಳಿ ಬಿಡ್ತಾರೆ. ದೊಡ್ಡ ಪೈಪಲ್ಲಿ ನೀರು ಸೀನಿಕೊಂಡು ಸೀನಿಕೊಂಡು ಬರುತ್ತೆ. ಕರೆಂಟು ಮಾತ್ರ ಸಿಕ್ಕಾಪಟ್ಟೆ ತಿನ್ನುತ್ತೆ."

ಗುರು ಅಷ್ಟರಲ್ಲಿ ಮೊಬೈಲಿನಲ್ಲಿ ಮುಳುಗಿದ್ದ. "ಜರ್ಮನಿಯ ಕಾರ್ಲ್ ಲೋಷರ್ ಅನ್ನೋ ಎಂಜಿನಿಯರ್ 1797ರಲ್ಲೇ ಇದನ್ನ ಕಂಡುಹಿಡಿದನಂತೆ."

"ಅವನ ಪಂಪಲ್ಲಿ ನೀರು ಬಂತಾ?"

"ಬಂದಿರಬೇಕು. ಇಲ್ಲದಿದ್ದರೆ ಹೆಸರು ಬರೀತಿದ್ದರಾ?"

ಸೀನನ ಅಮ್ಮ ಕಾಫಿ ತಂದರು. ಪೈಪು ನೋಡಿ, "ಹಾಲು ಉಕ್ಕೋ ಹಾಗೆ ಅಲ್ವೇನೋ ಇದು? ಗುಳ್ಳೆ ತುಂಬಿದರೆ ಏರುತ್ತೆ. ಕಾಲು ಲೋಟ ಹಾಲು ಹಾಕಿ ದೊಡ್ಡ ಪಾತ್ರೆಯ ಬಾಯಿತನಕ ಉಕ್ಕಲಿ ಅಂದ್ರೆ ಎಲ್ಲಿಂದ ಉಕ್ಕುತ್ತೆ?" ಎಂದು ಇಳಿದುಹೋದರು.

ಎಂಜಿನಿಯರಿಂಗ್ ಓದಿದ ಮೂವರು ಮುಖ ಮುಖ ನೋಡಿಕೊಂಡೆವು. ವಿಷಯ ಅದೇ. ಗುಳ್ಳೆ ತುಂಬಿದ ನೀರು ಹಗುರ. ಪೈಪಿನ ಹೊರಗಿನ ನೀರು ಭಾರ. ಆ ಭಾರವೇ ಹಗುರ ನೀರನ್ನು ಕೆಳಗಿನಿಂದ ದಬ್ಬುತ್ತದೆ. ಹೊರಗೆ ನೀರು ಆಳವಾಗಿದ್ದಷ್ಟೂ ದಬ್ಬುವ ಶಕ್ತಿ ಜಾಸ್ತಿ. ಸೀನನ ಪೈಪು ನೀರೊಳಗೆ ಎರಡೂವರೆ ಅಡಿ, ಹೊರಗೆ ಮೂರು ಅಡಿ! ಅರ್ಧ ಕೂಡ ಮುಳುಗಿಲ್ಲ. ಸಾಲದ್ದಕ್ಕೆ ಎರಡಿಂಚಿನ ಪೈಪು. ಅಷ್ಟು ಅಗಲದಲ್ಲಿ ಆ ಪುಟ್ಟ ಪಂಪಿನ ಗುಳ್ಳೆಗಳು ನೀರಿಗೆ ದಾರಿ ಬಿಟ್ಟು ಪಕ್ಕದಲ್ಲೇ ನುಸುಳಿ ಹೋಗುತ್ತಿದ್ದವು.

"ಅದೇ ಪೈಪು ಯಾಕೆ ಹಾಕಿದೆ?" ಎಂದೆ.

"ಮನೆಯಲ್ಲಿ ಬಿದ್ದಿತ್ತು."

ನಮ್ಮ ದೇಶದ ಅರ್ಧ ಎಂಜಿನಿಯರಿಂಗ್ ನಡೆಯುವುದೇ ಈ ಕಾರಣಕ್ಕೆ.

ಸ್ಟ್ಯಾಂಡಿಗೆ ನಿವೃತ್ತಿ ಕೊಟ್ಟೆವು. ಡ್ರಮ್ಮಿನ ಬಾಯಿಗೆ ಎರಡು ರೀಪರ್ ಅಡ್ಡ ಇಟ್ಟು, ಅದರ ಮೇಲೇ ಟಬ್ಬು ಕೂರಿಸಿದೆವು. ಮುಕ್ಕಾಲು ಇಂಚಿನ ಪೈಪು ತಂದು 40 ಇಂಚಿಗೆ ಕೊಯ್ದೆವು. 30 ಇಂಚು ನೀರಲ್ಲಿ, 10 ಇಂಚು ಹೊರಗೆ. ನೀರು ಒಳಗೆ ಬರಲು ಬುಡಕ್ಕೆ ಗರಗಸದಿಂದ ಹಲ್ಲು ಹಾಕಿದೆವು. ಗಾಳಿ ಟ್ಯೂಬನ್ನು ಅದಕ್ಕಿಂತ ಸ್ವಲ್ಪ ಮೇಲೆ ಸಿಕ್ಕಿಸಿದೆವು. ಮೊಳೆಯನ್ನು ಈ ಸಲ ಮೇಣದಬತ್ತಿಯಲ್ಲಿ ಕಾಯಿಸಿದೆವು.

ಸ್ವಿಚ್ ಒತ್ತಿದ ತಕ್ಷಣ ಪೈಪು ಒಮ್ಮೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಮದುವೆ ಊಟ ಮುಗಿಸಿದ ದೊಡ್ಡಪ್ಪನ ಹಾಗೆ ತೇಗಿತು. ಬಳಕ್ ಎಂದು ಒಂದು ಬೊಗಸೆ ನೀರು ಜಲ್ಲಿಯ ಮೇಲೆ ಬಿತ್ತು. ಒಂದು ತುಂಡು ಗಾಳಿ, ಒಂದು ತುಂಡು ನೀರು, ಮತ್ತೆ ಗಾಳಿ. ಒಂದು ಲೀಟರಿನ ಮಗ್ಗು 20 ಸೆಕೆಂಡಿಗೆ ತುಂಬಿತು. ಗುರು ಬ್ಯಾಂಕಿನವನು, ಸುಮ್ನೆ ಇರುತ್ತಾನಾ? "ಗಂಟೆಗೆ 180 ಲೀಟರ್. ಗಂಟೆಗೊಮ್ಮೆ ಡ್ರಮ್ಮಿನ ನೀರೆಲ್ಲ ಒಂದು ಸುತ್ತು ಬಂದಂಗಾಯ್ತು" ಎಂದ. ಮೀನಿಗೆ ಆಮ್ಲಜನಕ ಬೇರೆ ಪುಕ್ಕಟೆ.

"ಪಂಪು ಇನ್ನೊಂದು ಹಾಕಿ ಗಾಳಿ ಡಬಲ್ ಮಾಡಿದರೆ?" ಸೀನನ ಆಸೆ ನೋಡಿ.

"ಪೈಪು ತುಂಬ ಗಾಳಿಯೇ ಕೂತರೆ ನೀರಿಗೆ ಜಾಗ ಎಲ್ಲೋ? ಬಸ್ಸು ತುಂಬ ಕಂಡಕ್ಟರುಗಳೇ ಹತ್ತಿದ ಹಾಗೆ" ಎಂದ ಮಂಜ.

ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಗುಳುಗುಳು ನಿಂತಿತು. ನೆಲದ ಮೇಲಿದ್ದ ಗಾಳಿ ಪಂಪಿನಿಂದ ಸಣ್ಣಗೆ ನೀರು ಸೋರತೊಡಗಿತು. ಡ್ರಮ್ಮಿನ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಬಂದಿತ್ತು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ನೇತು ಹಾಕಬೇಕಿತ್ತು. ಟ್ಯೂಬಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದರೂ ಆಗುತ್ತಿತ್ತು, ಏನು ಮಹಾ ಬೆಲೆಯದ್ದಲ್ಲ.

ಸೀನ ತಕ್ಷಣ ಟ್ಯೂಬು ಕಿತ್ತು ಬಾಯಿಗಿಟ್ಟು ಊದಿದ. ಎರಡೂವರೆ ಅಡಿ ನೀರಿನ ಎದುರು ಊದುವುದು ಬಲೂನು ಊದಿದಂತಲ್ಲ. ಕೆನ್ನೆ ಓಲಗದವರ ಕೆನ್ನೆಯಾಯಿತು. ಕಿವಿ ಕೆಂಪಾಯಿತು. ಪೈಪಿನ ಬಾಯಲ್ಲಿ ಒಂದು ಚಮಚ ನೀರು ಇಣುಕಿ, ನಮ್ಮನ್ನು ನೋಡಿ, ವಾಪಸ್ ಇಳಿಯಿತು.

ಖಾಲಿ ಲೋಟಕ್ಕೆಂದು ಬಂದ ಅಮ್ಮ ಮೆಟ್ಟಿಲ ಮೇಲೇ ನಿಂತರು. "ಮೊನ್ನೆ ಸ್ನಾನದ ಒಲೆ ಊದೋ ಅಂದ್ರೆ ಉಸಿರು ಕಟ್ಟುತ್ತೆ ಅಂದಿದ್ದೆ!"